ಸರಿ ಯಾವುದು ಅಂತ ತೀರ್ಮಾನಿಸುವುದು ಹೇಗೆ? ಅರುಣಾ ಶಾನಭಾಗ ಪ್ರಕರಣದ ಮೂಲಕ ಒಂದು ಪರಿಚಯ

2019ರ ಮಳೆಗಾಲ. ಎರಡನೇ ಸಲ ಪಾರ್ಶ್ವವಾಯು ಹೊಡೆದು ನನ್ನ ಅಜ್ಜ ಐಸಿಯುನಲ್ಲಿದ್ದರು. ವಯಸ್ಸು 84. ವೆಂಟಿಲೇಟರ್ ಹಾಕಿ ಒಂಬತ್ತು ದಿನ ಆಗಿತ್ತು. ವೈದ್ಯರು ನಮ್ಮನ್ನೆಲ್ಲ ಒಂದು ಸಣ್ಣ ಕೋಣೆಗೆ ಕರೆದು, ಚಿಕಿತ್ಸೆ ಹೀಗೇ ಮುಂದುವರಿಸೋದೋ, ಮನೆಗೆ ಕರೆದುಕೊಂಡು ಹೋಗ್ತೀರೋ, ಮಾತಾಡಿಕೊಂಡು ಹೇಳಿ ಅಂದರು.

ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆ: "ಗುಣ ಆಗೋ ಚಾನ್ಸ್ ಎಷ್ಟು ಪರ್ಸೆಂಟು?" ಅಪ್ಪ ತಲೆ ತಗ್ಗಿಸಿಕೊಂಡು, "ಹೆತ್ತ ಅಪ್ಪನ ಉಸಿರಿನ ಪೈಪ್ ತೆಗೀರಿ ಅಂತ ನನ್ನ ಬಾಯಿಂದ ಬರಲ್ಲ" ಅಂದರು. ಅತ್ತೆ, "ಊರವರು ಏನಂತಾರೋ ಅನ್ನೋ ಭಯಕ್ಕೆ ತೀರ್ಮಾನ ಮಾಡಬೇಡಿ" ಅಂತ ಇಬ್ಬರನ್ನೂ ಗದರಿದರು. ಮೊದಲ ಪಾರ್ಶ್ವವಾಯು ಆದಾಗಿನಿಂದ ಮೂರು ವರ್ಷ ಅಜ್ಜನಿಗೆ ಊಟ ಮಾಡಿಸಿ, ಸ್ನಾನ ಮಾಡಿಸಿದವಳು ನನ್ನ ಅಮ್ಮ. ಅವಳನ್ನು ಯಾರೂ ಕೇಳಲಿಲ್ಲ. ಕೊನೆಗೆ ವೈದ್ಯರು, "ಅವರಿಗೇ ಮಾತಾಡೋಕೆ ಬಂದಿದ್ದರೆ ಏನು ಹೇಳ್ತಿದ್ದರು?" ಅಂತ ಕೇಳಿದರು. ಆ ಕೋಣೆಯಲ್ಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ನೀತಿಶಾಸ್ತ್ರ ಅಂದರೆ ಯಾರೋ ದೊಡ್ಡವರು ಮಾಡುವ ಉಪದೇಶ ಅಂತಲೇ ತಿಳಿದಿದ್ದವನು. ಪತ್ರಿಕೋದ್ಯಮಕ್ಕೆ ಬಂದ ಮೇಲೆ ದಯಾಮರಣದ ಕಾನೂನಿನ ಬಗ್ಗೆ ಬರೆಯಬೇಕಾಗಿ ಬಂದು ಓದಲು ಕೂತಾಗ ಒಂದು ವಿಷಯ ಹೊಳೆಯಿತು. ಅವತ್ತು ನಮ್ಮ ಮನೆಯವರು ಆಡಿದ ಒಂದೊಂದು ಮಾತಿಗೂ ತತ್ವಶಾಸ್ತ್ರದಲ್ಲಿ ಒಂದೊಂದು ಹೆಸರಿದೆ, ಒಂದೊಂದು ಪರಂಪರೆ ಇದೆ. ನಾವು ಜಗಳ ಆಡಿದ್ದು ಯಾರೋ ಕೆಟ್ಟವರು ಅಂತಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೆವು.

ಆ ಪ್ರಶ್ನೆಗಳು ಯಾವುವು ಅಂತ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಇಂಥ ಪರಿಚಯಗಳು ಹೆಚ್ಚಾಗಿ ಹಳಿ ತಪ್ಪಿದ ಟ್ರಾಮ್ ಗಾಡಿಯ ಉದಾಹರಣೆಯಿಂದ ಶುರುವಾಗುತ್ತವೆ. ಐವರನ್ನು ಉಳಿಸಲು ಒಬ್ಬನ ಮೇಲೆ ಗಾಡಿ ತಿರುಗಿಸಬಹುದೇ ಅನ್ನುವ ಆ ಒಗಟನ್ನು 1967ರಲ್ಲಿ ಮುಂದಿಟ್ಟವರು ಬ್ರಿಟಿಷ್ ತತ್ವಜ್ಞಾನಿ ಫಿಲಿಪಾ ಫುಟ್. ಆದರೆ ನಮಗೆ ಟ್ರಾಮ್ ಬೇಕಿಲ್ಲ. ನಮ್ಮದೇ ನಾಡಿನ ಒಬ್ಬ ಹೆಣ್ಣುಮಗಳ ಕತೆ ಇದೆ.

ಏನಿದು ಪ್ರಕರಣ?

ಅರುಣಾ ಶಾನಭಾಗ ಹುಟ್ಟಿದ್ದು 1948ರಲ್ಲಿ, ಉತ್ತರ ಕನ್ನಡದ ಹಳದೀಪುರದಲ್ಲಿ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಸಿಬ್ಬಂದಿಯೊಬ್ಬ ನಾಯಿಗೆ ಕಟ್ಟುವ ಸರಪಳಿಯಿಂದ ಅವರ ಕತ್ತು ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮೆದುಳಿಗೆ ಆಮ್ಲಜನಕ ನಿಂತುಹೋಯಿತು. ಆತನಿಗೆ ಶಿಕ್ಷೆಯಾದದ್ದು ಕೊಲೆಯತ್ನ ಮತ್ತು ದರೋಡೆಗೆ ಮಾತ್ರ. ಏಳು ವರ್ಷ ಜೈಲು. ಅರುಣಾ ಮಾತ್ರ ಕೆಇಎಂನ ಹಾಸಿಗೆಯಿಂದ ಮತ್ತೆ ಏಳಲಿಲ್ಲ.

2009ರಲ್ಲಿ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅರುಣಾಗೆ ಆಹಾರ ಕೊಡುವುದನ್ನು ನಿಲ್ಲಿಸಿ, ನೆಮ್ಮದಿಯಿಂದ ಸಾಯಲು ಬಿಡಿ ಅನ್ನುವುದು ಅವರ ಅರ್ಜಿ. ಆಸ್ಪತ್ರೆಯ ಸಿಬ್ಬಂದಿ ಖಡಾಖಂಡಿತವಾಗಿ ವಿರೋಧಿಸಿದರು. ಕೋರ್ಟ್ ನೇಮಿಸಿದ ಮೂವರು ವೈದ್ಯರು ಪರೀಕ್ಷಿಸಿ, ಇದು ಮೆದುಳಿನ ಸಾವಲ್ಲ, ಕೋಮಾ ಕೂಡ ಅಲ್ಲ, ಶಾಶ್ವತ ವೆಜಿಟೇಟಿವ್ ಸ್ಥಿತಿಯ ಬಹುತೇಕ ಲಕ್ಷಣಗಳಿವೆ ಅಂದರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ ಸುಧಾ ಮಿಶ್ರಾ ಅವರ ಪೀಠ ಅರ್ಜಿಯನ್ನು ತಿರಸ್ಕರಿಸಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಬಹುದು ಅಂತ, ಅಂದರೆ ಪರೋಕ್ಷ ದಯಾಮರಣಕ್ಕೆ, ದೇಶದಲ್ಲಿ ಮೊದಲ ಬಾರಿಗೆ ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. 41 ವರ್ಷಕ್ಕೂ ಹೆಚ್ಚು ಕಾಲ ಆ ಸ್ಥಿತಿಯಲ್ಲಿದ್ದರು.

ಈಗ ಈ ಒಂದೇ ಪ್ರಕರಣವನ್ನು ಐದು ದಾರಿಗಳಿಂದ ನೋಡೋಣ.

1. ಫಲಿತಾಂಶದ ದಾರಿ: ಯಾರಿಗೆ ಎಷ್ಟು ಒಳಿತು, ಎಷ್ಟು ನೋವು?

ದೊಡ್ಡಪ್ಪನ ಪ್ರಶ್ನೆ ಇದು. ಒಂದು ಕೆಲಸ ಸರಿಯೋ ತಪ್ಪೋ ಅನ್ನುವುದನ್ನು ಅದರ ಪರಿಣಾಮವೇ ನಿರ್ಧರಿಸುತ್ತದೆ ಅನ್ನುವ ವಾದ. ಇದನ್ನು ವ್ಯವಸ್ಥಿತವಾಗಿ ಮಂಡಿಸಿದವರು ಇಂಗ್ಲೆಂಡಿನ ಜೆರೆಮಿ ಬೆಂಥಮ್, 1789ರ ಕೃತಿಯಲ್ಲಿ. ಮುಂದೆ ಜಾನ್ ಸ್ಟುವರ್ಟ್ ಮಿಲ್ ಅದನ್ನು ತಿದ್ದಿ ಬೆಳೆಸಿದರು. ಕನ್ನಡದಲ್ಲಿ ಉಪಯುಕ್ತತಾವಾದ ಅಂತ ಕರೆಯುತ್ತೇವೆ.

ಎಂಜಿನಿಯರಿಂಗ್ ಓದಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇದೊಂದು ಆಪ್ಟಿಮೈಸೇಷನ್ ಲೆಕ್ಕ. ಒಟ್ಟು ಸುಖ ಹೆಚ್ಚಾಗಬೇಕು, ಒಟ್ಟು ನೋವು ಕಡಿಮೆಯಾಗಬೇಕು. ಇದರ ದೊಡ್ಡ ಗುಣ ಸಮಾನತೆ. ರಾಜನ ನೋವಿಗೂ ಕೂಲಿಯವನ ನೋವಿಗೂ ಲೆಕ್ಕದಲ್ಲಿ ಒಂದೇ ಬೆಲೆ. ನಮ್ಮ ಲಸಿಕೆ ಕಾರ್ಯಕ್ರಮ, ರಸ್ತೆ ಸುರಕ್ಷತೆ, ಆಸ್ಪತ್ರೆ ಬಜೆಟ್ ಎಲ್ಲದರ ಹಿಂದೆ ಈ ಲೆಕ್ಕ ಇದ್ದೇ ಇರುತ್ತದೆ. ಇರಬೇಕು ಕೂಡ.

ಅರುಣಾ ಪ್ರಕರಣದಲ್ಲಿ? ಚೇತರಿಕೆಯ ಆಸೆ ಇಲ್ಲ, ಹಾಸಿಗೆ ಇನ್ನೊಬ್ಬ ರೋಗಿಗೆ ಬೇಕು. 1980ರ ದಶಕದಲ್ಲಿ ಮುಂಬೈ ಪಾಲಿಕೆ ಇದೇ ಕಾರಣಕ್ಕೆ ಎರಡು ಸಲ ಅವರನ್ನು ಅಲ್ಲಿಂದ ಸಾಗಿಸಲು ನೋಡಿತು. ಕೆಇಎಂ ನರ್ಸ್‌ಗಳು ಪ್ರತಿಭಟನೆಗೆ ಇಳಿದ ಮೇಲೆ ಕೈಬಿಟ್ಟಿತು.

ಹಾಗಂತ ಫಲಿತಾಂಶವಾದಿಗಳೆಲ್ಲ ಪಾಲಿಕೆಯ ಪರ ಅಂದುಕೊಳ್ಳಬೇಡಿ. ಅವರಲ್ಲೇ ಒಂದು ಬಣ, ಒಂದೊಂದು ಕೆಲಸದ ಫಲ ನೋಡಬೇಡಿ, ಅದನ್ನು ನಿಯಮ ಮಾಡಿದರೆ ಏನಾಗುತ್ತದೆ ನೋಡಿ ಅನ್ನುತ್ತದೆ. ಹಾಸಿಗೆ ಖಾಲಿ ಮಾಡಿಸಲು ರೋಗಿಯನ್ನು ಹೊರಗೆ ಹಾಕಬಹುದು ಅನ್ನುವ ನಿಯಮ ಇದ್ದರೆ ಯಾರು ತಾನೇ ಧೈರ್ಯವಾಗಿ ಆಸ್ಪತ್ರೆಗೆ ಸೇರುತ್ತಾರೆ? 2011ರ ತೀರ್ಪು ಹೈಕೋರ್ಟಿನ ಅನುಮತಿ ಕಡ್ಡಾಯ ಮಾಡಿದ್ದರ ಹಿಂದೆಯೂ ಇಂಥದೇ ಆತಂಕವಿತ್ತು. ಆಸ್ತಿಯ ಆಸೆಗೆ ಸಂಬಂಧಿಕರೇ ದುರುಪಯೋಗ ಮಾಡಿಕೊಂಡರೆ?

ಈ ದಾರಿಯ ದೌರ್ಬಲ್ಯವೂ ಲೆಕ್ಕದಲ್ಲೇ ಇದೆ. ಮಾತಾಡಲಾಗದ ಹೆಂಗಸಿನ ನೋವನ್ನೋ ನೆಮ್ಮದಿಯನ್ನೋ ಯಾವ ಅಳತೆಗೋಲಿನಿಂದ ಅಳೆಯುತ್ತೀರಿ?

2. ಕರ್ತವ್ಯದ ದಾರಿ: ಏನೇ ಆದರೂ ಮಾಡಬಾರದ್ದು ಯಾವುದು?

ಇದು ಅಪ್ಪನ ಮಾತು. ಕೆಲವು ಕೆಲಸಗಳು ಫಲ ಎಷ್ಟೇ ಒಳ್ಳೆಯದಾದರೂ ತಪ್ಪು. ಜರ್ಮನಿಯ ಇಮ್ಯಾನ್ಯುಯೆಲ್ ಕಾಂಟ್ 1785ರಲ್ಲಿ ಇದಕ್ಕೆ ಗಟ್ಟಿ ತಳಹದಿ ಹಾಕಿದರು. ಅವರ ಒಂದು ಸೂತ್ರದ ಸಾರ ಇಷ್ಟು: ಯಾವ ಮನುಷ್ಯನನ್ನೂ ಬರೀ ಸಾಧನವಾಗಿ ಬಳಸಬೇಡ, ಪ್ರತಿಯೊಬ್ಬರಿಗೂ ಅವರದೇ ಘನತೆ ಇದೆ. ಆಪ್ಟಿಮೈಸೇಷನ್ ಭಾಷೆಯಲ್ಲೇ ಹೇಳುವುದಾದರೆ ಇವು ದಾಟಬಾರದ ಗೆರೆಗಳು. ಲೆಕ್ಕ ಏನೇ ಮಾಡಿ, ಈ ಗೆರೆಯೊಳಗೆ ಮಾಡಿ.

ಕನ್ನಡಿಗರಿಗೆ ಇದನ್ನು ಹೇಳಿಕೊಡಲು ಕಾಂಟ್ ಬೇಕಾಗಿಲ್ಲ, ಪುಣ್ಯಕೋಟಿ ಇದ್ದಾಳೆ. ಕೊಟ್ಟ ಮಾತಿಗೆ ತಪ್ಪಬಾರದು ಅಂತ ಕರುವನ್ನು ಬಿಟ್ಟು ಹುಲಿಯ ಬಾಯಿಗೆ ಹೊರಟವಳು. ಚಿಕ್ಕವರಿದ್ದಾಗ ನಾವೆಲ್ಲ ಅವಳಿಗಾಗಿ ಅತ್ತಿದ್ದೇವೆ. ಆದರೆ ಕರುವಿನ ಕಡೆಯಿಂದ ಒಮ್ಮೆ ಯೋಚಿಸಿದರೆ ಅದೇ ಕತೆ ಬೇರೆ ಥರ ಕಾಣುತ್ತದೆ, ಅಲ್ವಾ?

ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನ ಕತೆ ಬರುತ್ತದೆ. ಸುಳ್ಳು ಹೇಳಬಾರದು ಅಂತ ವ್ರತ ಹಿಡಿದ ತಪಸ್ವಿ, ಪ್ರಾಣಭಯದಿಂದ ಅಡಗಿದ್ದ ಜನ ಎಲ್ಲಿದ್ದಾರೆ ಅಂತ ದರೋಡೆಕೋರರಿಗೆ ನಿಜ ಹೇಳಿಬಿಡುತ್ತಾನೆ. ಅವರು ಕೊಲೆಯಾಗುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಧರ್ಮ ಸೂಕ್ಷ್ಮ ಅಂತ ತಿಳಿಸಲು ಕೃಷ್ಣ ಅರ್ಜುನನಿಗೆ ಈ ಕತೆ ಹೇಳುತ್ತಾನೆ. ಸ್ವಾರಸ್ಯ ಏನಂದರೆ, 1797ರಲ್ಲಿ ಕಾಂಟ್ ಬರೆದ ಒಂದು ಪ್ರಬಂಧದಲ್ಲೂ ಹೆಚ್ಚುಕಮ್ಮಿ ಇದೇ ಸನ್ನಿವೇಶವಿದೆ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೆ? ಆಗಲೂ ಸುಳ್ಳು ಹೇಳಬಾರದು ಅನ್ನುತ್ತಾರೆ ಕಾಂಟ್. ಇಲ್ಲಿ ಕೃಷ್ಣನ ದಾರಿಯೇ ಬೇರೆ, ಕಾಂಟ್ ದಾರಿಯೇ ಬೇರೆ.

ದಯಾಮರಣದ ಚರ್ಚೆಯಲ್ಲಿ ಈ ದಾರಿಯ ಮುಖ್ಯ ಗೆರೆ ಕೊಲ್ಲುವುದು ಮತ್ತು ಸಾಯಲು ಬಿಡುವುದರ ನಡುವಿನದು. ಮಾರಕ ಇಂಜೆಕ್ಷನ್ ಕೊಡುವುದು ಭಾರತದಲ್ಲಿ ಅಪರಾಧ. ಚಿಕಿತ್ಸೆ ಹಿಂತೆಗೆಯುವುದಕ್ಕೆ ಷರತ್ತುಬದ್ಧ ಅನುಮತಿ ಇದೆ. ಆದರೆ ಈ ಗೆರೆ ನಿಜಕ್ಕೂ ಅಷ್ಟು ಗಟ್ಟಿಯಾ? ಅಮೆರಿಕದ ತತ್ವಜ್ಞಾನಿ ಜೇಮ್ಸ್ ರೇಚಲ್ಸ್ 1975ರಲ್ಲಿ ಒಂದು ಉದಾಹರಣೆ ಕೊಟ್ಟರು. ಆಸ್ತಿಗಾಗಿ ಒಬ್ಬ ತನ್ನ ಸೋದರ ಸಂಬಂಧಿ ಮಗುವನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಇನ್ನೊಬ್ಬ ಅದೇ ಉದ್ದೇಶದಿಂದ ಹೋಗುತ್ತಾನೆ, ಅಷ್ಟರಲ್ಲಿ ಮಗುವೇ ಜಾರಿ ಬೀಳುತ್ತದೆ, ಇವನು ಎತ್ತದೆ ನೋಡುತ್ತಾ ನಿಲ್ಲುತ್ತಾನೆ. ಎರಡನೆಯವನು ಏನೂ ಮಾಡಲಿಲ್ಲ ಅನ್ನುವ ಕಾರಣಕ್ಕೆ ಮೊದಲನೆಯವನಿಗಿಂತ ಒಳ್ಳೆಯವನಾ? ಈ ಪ್ರಶ್ನೆಗೆ ಇಂದಿಗೂ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ.

3. ಸದ್ಗುಣದ ದಾರಿ: ಈ ನಿರ್ಧಾರ ಮಾಡುತ್ತಿರುವ ನಾನು ಎಂಥವನು?

ಅತ್ತೆ ಗದರಿದ್ದು ನೆನಪಿದೆಯಲ್ಲ? ಅವರು ಫಲವನ್ನೂ ಕೇಳಲಿಲ್ಲ, ನಿಯಮವನ್ನೂ ಕೇಳಲಿಲ್ಲ. ನೀವು ಯಾವ ಮನಸ್ಸಿನಿಂದ ತೀರ್ಮಾನ ಮಾಡುತ್ತಿದ್ದೀರಿ ಅಂತ ಕೇಳಿದರು.

ಪಶ್ಚಿಮದಲ್ಲಿ ಈ ದಾರಿಯ ಮೂಲಪುರುಷ ಗ್ರೀಸಿನ ಅರಿಸ್ಟಾಟಲ್. ಒಳ್ಳೆಯತನ ಅನ್ನುವುದು ಅಭ್ಯಾಸದಿಂದ ಬರುವ ಗುಣ, ಈಜು ಕಲಿತಂತೆ. ಧೈರ್ಯ ಅನ್ನುವುದು ಹೇಡಿತನ ಮತ್ತು ಹುಂಬತನದ ನಡುವಿನ ಹದ. ಆ ಹದ ಎಲ್ಲಿದೆ ಅಂತ ಸಂದರ್ಭ ನೋಡಿ ಗುರುತಿಸುವ ಶಕ್ತಿಗೆ ನಾವು ವಿವೇಕ ಅನ್ನಬಹುದು. ಬಹುಕಾಲ ಮೂಲೆಗೆ ಸರಿದಿದ್ದ ಈ ಚಿಂತನೆಗೆ 1958ರಲ್ಲಿ ಎಲಿಜಬೆತ್ ಆನ್ಸ್‌ಕೂಂಬ್ ಬರೆದ ಒಂದು ಪ್ರಬಂಧ ಮತ್ತೆ ಜೀವ ಕೊಟ್ಟಿತು.

ಒಂದೇ ತೀರ್ಮಾನದ ಹಿಂದೆ ಬೇರೆ ಬೇರೆ ಮನಸ್ಸು ಇರಬಹುದು. ವೆಂಟಿಲೇಟರ್ ತೆಗೆಸುವುದು ಕರುಣೆಯಿಂದಲೂ ಆಗಬಹುದು, ದಣಿವಿನಿಂದಲೂ ಆಗಬಹುದು. ಮುಂದುವರಿಸುವುದು ಪ್ರೀತಿಯಿಂದಲೂ ಇರಬಹುದು, ಮಗ ಕೈಬಿಟ್ಟ ಅಂತ ಜನ ಅನ್ನಬಾರದು ಅನ್ನುವ ಅಂಜಿಕೆಯಿಂದಲೂ ಇರಬಹುದು. ಜೈನರ ಸಲ್ಲೇಖನದ ಚರ್ಚೆಯಲ್ಲೂ ಈ ಮನಸ್ಸಿನ ಪ್ರಶ್ನೆಯೇ ಕೇಂದ್ರ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಹಾಗೆ ದೇಹ ಬಿಟ್ಟವರನ್ನು ಗೌರವದಿಂದ ಸ್ಮರಿಸುತ್ತವೆ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಅಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಹತಾಶೆಯಿಂದ ಸಾಯುವುದು ಬೇರೆ, ರಾಗದ್ವೇಷ ಕಳೆದು ದೇಹ ಬಿಡುವುದು ಬೇರೆ ಅನ್ನುವುದು ಜೈನರ ವಾದ.

ಈ ದಾರಿಯ ತೊಡಕು ಏನು? ಒಳ್ಳೆಯವರು ಮಾಡುವುದನ್ನು ಮಾಡು ಅಂದರೆ, ಇಬ್ಬರು ಒಳ್ಳೆಯವರು ಎದುರುಬದುರು ನಿಂತಾಗ ಏನು ಮಾಡೋದು? ಪಿಂಕಿ ವಿರಾನಿಯವರೂ ಕೆಇಎಂ ನರ್ಸ್‌ಗಳೂ ನಿಂತದ್ದು ಹಾಗೆಯೇ.

4. ಆರೈಕೆಯ ದಾರಿ: ಯಾರು ಯಾರ ಪಕ್ಕದಲ್ಲಿದ್ದಾರೆ?

ಯಾರೂ ಕೇಳದ ಅಮ್ಮನ ದಾರಿ ಇದು. ತತ್ವಶಾಸ್ತ್ರದಲ್ಲೂ ಇದನ್ನು ಬಹಳ ಕಾಲ ಯಾರೂ ಕೇಳಿರಲಿಲ್ಲ.

ಹೆಂಡತಿಯ ಪ್ರಾಣ ಉಳಿಸಲು ಬಡ ಗಂಡ ಔಷಧಿ ಕದಿಯಬಹುದಾ ಅನ್ನುವ ಪ್ರಶ್ನೆ ಕೇಳಿ ಮಕ್ಕಳ ನೈತಿಕ ಬೆಳವಣಿಗೆ ಅಳೆಯುತ್ತಿದ್ದವರು ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್. ಅವರ ಜೊತೆ ಕೆಲಸ ಮಾಡಿದ್ದ ಕ್ಯಾರಲ್ ಗಿಲಿಗನ್ 1982ರ ತಮ್ಮ ಪುಸ್ತಕದಲ್ಲಿ 11 ವರ್ಷದ ಇಬ್ಬರು ಮಕ್ಕಳ ಉತ್ತರ ಇಟ್ಟರು. ಹುಡುಗ ಆಸ್ತಿಗಿಂತ ಜೀವ ದೊಡ್ಡದು, ಕದಿಯಲಿ ಅಂದ. ಹುಡುಗಿ, ಕದ್ದು ಜೈಲಿಗೆ ಹೋದರೆ ಹೆಂಡತಿಯನ್ನು ನೋಡಿಕೊಳ್ಳುವವರು ಯಾರು, ಅಂಗಡಿಯವನ ಜೊತೆ ಕೂತು ಮಾತಾಡಿ ಬೇರೆ ದಾರಿ ಹುಡುಕಬಾರದಾ ಅಂದಳು. ಹಳೆಯ ಅಳತೆಗೋಲಿನಲ್ಲಿ ಹುಡುಗಿಗೆ ಕಡಿಮೆ ಅಂಕ. ಗಿಲಿಗನ್ ಹೇಳಿದ್ದು, ಅವಳ ಯೋಚನೆ ಕೆಳಮಟ್ಟದ್ದಲ್ಲ, ಬೇರೆ ಥರದ್ದು. ಅವಳಿಗೆ ಕಂಡದ್ದು ತತ್ವಗಳ ಘರ್ಷಣೆಯಲ್ಲ, ಸಂಬಂಧಗಳ ಬಲೆ.

ಈಗ ಕೆಇಎಂ ವಾರ್ಡಿಗೆ ಬನ್ನಿ. ದಶಕಗಳ ಕಾಲ ಹಾಸಿಗೆಯಲ್ಲೇ ಇದ್ದ ಅರುಣಾಗೆ ಒಂದೇ ಒಂದು ಬೆಡ್‌ಸೋರ್ ಆಗಿರಲಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ದಾಖಲಿಸಿದೆ. ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಈ ಒಂದು ವಾಕ್ಯದ ತೂಕ ಗೊತ್ತು. ದಿನಕ್ಕೆ ಹಲವು ಸಲ ಮಗ್ಗುಲು ತಿರುಗಿಸಬೇಕು, ಒರೆಸಬೇಕು, ಬಟ್ಟೆ ಬದಲಿಸಬೇಕು. ಅದೂ ತಲೆಮಾರು ದಾಟಿ, ಅರುಣಾ ನಡೆದಾಡಿದ್ದನ್ನು ನೋಡಿಯೇ ಇರದ ನರ್ಸ್‌ಗಳು ಮಾಡಿದರು. ಆದ್ದರಿಂದಲೇ ಕೋರ್ಟ್, ಅರುಣಾ ಪರವಾಗಿ ಮಾತಾಡುವ ಹಕ್ಕು ಅರ್ಜಿದಾರರದ್ದಲ್ಲ, ಕೆಇಎಂ ಸಿಬ್ಬಂದಿಯದ್ದು ಅಂದಿತು. ಮುಂದೆ ಅವರ ಮನಸ್ಸು ಬದಲಾದರೆ ಬಾಂಬೆ ಹೈಕೋರ್ಟಿಗೆ ಹೋಗಲಿ ಅಂತಲೂ ಹೇಳಿತು.

ಈ ದಾರಿಗೂ ಅಪಾಯವಿದೆ. ಆರೈಕೆಯನ್ನು ಹೊಗಳುತ್ತಾ ಹೊಗಳುತ್ತಾ ಅದನ್ನು ಪೂರ್ತಿ ಹೆಣ್ಣುಮಕ್ಕಳ ಹೆಗಲಿಗೆ ಹಾಕಿಬಿಡುವುದು ನಮಗೆ ಬಹಳ ಸುಲಭ. ಮತ್ತೆ, ನೋಡಿಕೊಳ್ಳುವವರು ಯಾರೂ ಇಲ್ಲದವರ ಗತಿ ಏನು? ಆಗ ಸಂಬಂಧ ಸಾಲದು, ಹಕ್ಕು ಬೇಕು.

5. ಸ್ವನಿರ್ಧಾರ ಮತ್ತು ನಾಲ್ಕು ತತ್ವಗಳು: ಅವರಿಗೇನು ಬೇಕಿತ್ತು?

ವೈದ್ಯರು ಕೇಳಿದ ಪ್ರಶ್ನೆ. 1979ರಲ್ಲಿ ಟಾಮ್ ಬೋಚಾಂಪ್ ಮತ್ತು ಜೇಮ್ಸ್ ಚೈಲ್ಡ್ರೆಸ್ ವೈದ್ಯಕೀಯ ನೀತಿಗೆ ನಾಲ್ಕು ತತ್ವಗಳ ಚೌಕಟ್ಟು ಕೊಟ್ಟರು. ರೋಗಿಯ ಸ್ವನಿರ್ಧಾರವನ್ನು ಗೌರವಿಸು, ಹಾನಿ ಮಾಡಬೇಡ, ಒಳಿತು ಮಾಡು, ನ್ಯಾಯವಾಗಿ ಹಂಚು. ಇದು ಹೊಸ ಸಿದ್ಧಾಂತ ಅನ್ನುವುದಕ್ಕಿಂತ, ಸಿದ್ಧಾಂತದಲ್ಲಿ ಜಗಳ ಆಡುವವರೂ ಒಪ್ಪಬಹುದಾದ ಒಂದು ಚೆಕ್‌ಲಿಸ್ಟ್. ನಾಲ್ಕೂ ಒಂದಕ್ಕೊಂದು ಡಿಕ್ಕಿ ಹೊಡೆದಾಗ ಯಾವುದು ಮೇಲು ಅಂತ ಅದು ಹೇಳುವುದಿಲ್ಲ. ಸಂದರ್ಭ ನೋಡಿ ತೂಗಬೇಕು.

ಅರುಣಾ ಪ್ರಕರಣದ ನಿಜವಾದ ಖಾಲಿ ಜಾಗ ಇದ್ದದ್ದು ಇಲ್ಲಿ. 25ರ ಹರೆಯದ ಹುಡುಗಿ, ತನಗೆ ಹೀಗಾದರೆ ಏನು ಮಾಡಿ ಅಂತ ಬರೆದಿಟ್ಟಿರಲು ಸಾಧ್ಯವೇ ಇರಲಿಲ್ಲ. ಎರಡೂ ಕಡೆಯವರು ಅವಳಿಗಾಗಿ ಮಾತಾಡಿದರು. ಅವಳ ಮಾತು ಮಾತ್ರ ಯಾರ ಬಳಿಯೂ ಇರಲಿಲ್ಲ.

ಈ ಖಾಲಿ ಜಾಗವನ್ನು ತುಂಬಲು ಹೊರಟದ್ದು 2018ರ ಮಾರ್ಚ್ 9ರ ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪು. ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಅಂದ ಕೋರ್ಟ್, ಲಿವಿಂಗ್ ವಿಲ್‌ಗೆ, ಅಂದರೆ ಪ್ರಜ್ಞೆ ಇರುವಾಗಲೇ ಬರೆದಿಡುವ ಮುಂಗಡ ಉಯಿಲಿಗೆ, ಮಾನ್ಯತೆ ಕೊಟ್ಟಿತು. ಆದರೆ ಪ್ರಕ್ರಿಯೆ ಎಷ್ಟು ಕಷ್ಟದ್ದಾಗಿತ್ತು ಅಂದರೆ, 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸರಳ ಮಾಡಬೇಕಾಯಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಚಿಕಿತ್ಸೆ ಹಿಂತೆಗೆಯುವ ಮೊದಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು.

ಹಾಗಾದರೆ ಯಾವ ದಾರಿ ಸರಿ?

ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪಬೇಕಾಗಿಲ್ಲ. ಈ ಐದನ್ನೂ ಐದು ಪಕ್ಷಗಳ ಥರ ನೋಡಿ ಒಂದಕ್ಕೆ ಸದಸ್ಯರಾಗುವುದು ಉಪಯೋಗವಿಲ್ಲ. ಇವು ಐದು ಪ್ರಶ್ನೆಗಳು. ಕಷ್ಟದ ಹೊತ್ತಿನಲ್ಲಿ ನಾವು ನಮಗೆ ಸುಲಭವಾದ ಪ್ರಶ್ನೆಯನ್ನು ಹಿಡಿದುಕೊಂಡು, ಕಷ್ಟದ್ದನ್ನು ಬಿಟ್ಟುಬಿಡುತ್ತೇವೆ. ದೊಡ್ಡಪ್ಪನಿಗೆ ಪರ್ಸೆಂಟೇಜ್ ಸುಲಭ, ಅಪ್ಪನಿಗೆ ಕರ್ತವ್ಯ ಸುಲಭ. ಯಾವ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತಿದ್ದೇವೆ ಅಂತ ತೋರಿಸುವುದೇ ಈ ದಾರಿಗಳ ನಿಜವಾದ ಕೆಲಸ.

ಎಲ್ಲವೂ ಸಾಪೇಕ್ಷ, ಯಾರಿಗೆ ಏನು ತೋಚುತ್ತೋ ಅದೇ ಸರಿ ಅಂತ ನಾನು ಹೇಳುತ್ತಿಲ್ಲ. ಐದೂ ಪ್ರಶ್ನೆ ಕೇಳಿದ ಮೇಲೆ ಕೆಲವು ಉತ್ತರಗಳು ಖಂಡಿತ ಬಿದ್ದುಹೋಗುತ್ತವೆ. ಹಾಸಿಗೆ ಬೇಕು ಅಂತ ಅರುಣಾರನ್ನು ಸಾಗಹಾಕುವ ಯೋಚನೆ ಹಾಗೆ ಬಿದ್ದುಹೋಯಿತು. ಉಳಿದ ಎರಡು ಮೂರು ಉತ್ತರಗಳ ನಡುವೆ ಆರಿಸಿಕೊಳ್ಳುವಾಗ ತಪ್ಪಾಗಬಹುದು. ಆದರೆ ಅದು ಯೋಚಿಸಿ ಮಾಡಿದ ತಪ್ಪು, ಯಾರದೋ ದನಿ ಜೋರಾಗಿತ್ತು ಅಂತ ಮಾಡಿದ್ದಲ್ಲ.

ನಾವು ತೀರ್ಮಾನ ಮಾಡಲೇ ಇಲ್ಲ. ಹನ್ನೆರಡನೇ ದಿನ ಅಜ್ಜನ ಹೃದಯ ತಾನಾಗಿ ನಿಂತಿತು. ನಮಗೆ ಬಿಡುಗಡೆ ಸಿಕ್ಕಿದ್ದು ವಿವೇಕದಿಂದಲ್ಲ, ಅದೃಷ್ಟದಿಂದ. ಅಪ್ಪ ಇವತ್ತಿಗೂ ಆ ಮೂರು ದಿನದ ಮಾತು ತೆಗೆದರೆ ಎದ್ದು ಹೋಗುತ್ತಾರೆ.

ಹೋದ ತಿಂಗಳು ಅಮ್ಮನ ಹತ್ತಿರ ಲಿವಿಂಗ್ ವಿಲ್ ವಿಷಯ ತೆಗೆದೆ. ಮೊದಲು ಚೆನ್ನಾಗಿ ಬೈಸಿಕೊಂಡೆ. ಸೊಪ್ಪು ಬಿಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅಜ್ಜನ್ನ ಅವತ್ತೇ ಮನೆಗೆ ಕರ್ಕೊಂಡು ಬರಬೇಕಿತ್ತು. ನನ್ನನ್ನ ಕೇಳಿದ್ದಿದ್ರೆ ಹೇಳ್ತಿದ್ದೆ" ಅಂದಳು. ಮೂರು ವರ್ಷ ಅವರ ಕಣ್ಣು ನೋಡಿಯೇ ಹಸಿವು, ನೋವು ತಿಳಿದುಕೊಂಡವಳು ಅವಳು. ವೈದ್ಯರ ಪ್ರಶ್ನೆಗೆ ಉತ್ತರ ಆ ಕೋಣೆಯಲ್ಲೇ ಇತ್ತು.

ನಿಮ್ಮ ಮನೆಯಲ್ಲೂ ಈ ಮಾತು ಐಸಿಯು ಪಕ್ಕದ ಕೋಣೆಯಲ್ಲಿ ಶುರುವಾಗುವುದು ಬೇಡ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತಾಗ ಒಮ್ಮೆ ಕೇಳಿ. ಬೈಸಿಕೊಂಡರೂ ಪರವಾಗಿಲ್ಲ.